ಮೊದಲು ಮಿನುಗಿದ ಕಿಟಕಿ

ಹೋದ ತಿಂಗಳು ಚಳ್ಳಕೆರೆ ಮಾರ್ಕೆಟ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಯಾವುದೋ ಎಣ್ಣೆಮಿಲ್ಲಿನಿಂದ ಬಿಸಿ ಶೇಂಗಾ ಹಿಂಡಿಯ ವಾಸನೆ ಬಂತು, ಅದರ ಬೆನ್ನಿಗೇ ಸುಟ್ಟ ಮೋಟರಿನ ವಾರ್ನಿಶ್ ವಾಸನೆ. ಇವೆರಡೂ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಒಂದೇ ಮಳೆಗಾಲ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಹೆಂಡತಿಯ ತಮ್ಮ ಮಾರ್ಕಂಡೇಯ ಮೊಳಕಾಲ್ಮೂರಿನ ತನ್ನ ಅವ್ವನ ಮನೆಗೆ ಬಂದು, ಮಗ್ಗದ ಪಕ್ಕದ ಗೋಡೆಗೆ ಒರಗಿ ಕೂತವನು ಎರಡು ತಿಂಗಳು ಮೇಲೇಳಲಿಲ್ಲ.

ನಾನು ಓದಿದ್ದು ಆರನೇ ಕ್ಲಾಸು. ಸಂಕೋಚಪಟ್ಟು ಹೇಳುತ್ತಿಲ್ಲ. ಅಪ್ಪ ಮೊಳಕಾಲ್ಮೂರಿನ ಮಗ್ಗ ಬಿಟ್ಟು ಚಳ್ಳಕೆರೆಯ ಎಣ್ಣೆಮಿಲ್ಲಿಗೆ ಮೂಟೆ ಹೊರಲು ಬಂದವನು. ನಾನು ಅದೇ ಮಿಲ್ಲಿನಲ್ಲಿ ಮೋಟರಿಗೆ ಗ್ರೀಸು ಹಚ್ಚುತ್ತಾ, ಸುಟ್ಟ ಸುರುಳಿ ಬಿಚ್ಚಿ ಹೊಸ ತಾಮ್ರ ಸುತ್ತುತ್ತಾ, ಇಪ್ಪತ್ತೈದು ತುಂಬುವ ಹೊತ್ತಿಗೆ ಎಲೆಕ್ಟ್ರಿಕಲ್ ಮೇಸ್ತ್ರಿಯಾದೆ. ಇಂಗ್ಲಿಷ್ ಅಕ್ಷರ ಕಲಿತದ್ದು ಮೋಟರಿನ ತಗಡು ನೋಡಿ. ಮಿಲ್ಲಿಗೆ ಹೊಸ ಪ್ಯಾನಲ್ ಬಂದಾಗ ಅದನ್ನು ಓದಬಲ್ಲವನು ಆ ಕಾಂಪೌಂಡಿನಲ್ಲಿ ನಾನೊಬ್ಬನೇ. ಅದರಲ್ಲಿ ಹನ್ನೆರಡು ಪುಟ್ಟ ಗಾಜಿನ ಕಿಟಕಿಗಳು, ಒಂದೊಂದು ಯಂತ್ರಕ್ಕೆ ಒಂದೊಂದು, ಹಿಂದೆ ದೀಪ. ಏನಾದರೂ ಕೆಟ್ಟು ಮಿಲ್ಲು ನಿಂತರೆ ಮೊದಲು ಕೈಕೊಟ್ಟ ಯಂತ್ರದ ಕಿಟಕಿ ಮಿನುಗುತ್ತದೆ, ಆಮೇಲೆ ನಿಂತವು ಸುಮ್ಮನೆ ಉರಿಯುತ್ತವೆ. ಮಾಲೀಕರು ಬಂದು, "ಏನಂತೆ ತಿಪ್ಪೇಸ್ವಾಮಿ ಅದು?" ಎಂದು ಡಾಕ್ಟರನ್ನು ಕೇಳಿದ ಹಾಗೆ ನನ್ನನ್ನು ಕೇಳುವರು. ಡಿಪ್ಲೊಮಾ ಓದಿದವರೂ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವರು. ಆ ಕ್ಷಣಕ್ಕಾಗಿ ನಾನು ಹಬ್ಬದ ದಿನವೂ ರಜೆ ಹಾಕುತ್ತಿರಲಿಲ್ಲ.

ಮಾರ್ಕಂಡನ ದಾರಿ ಬೇರೆ. ನೇಕಾರರ ಮಗನಾದರೂ ಹದಿನೆಂಟಕ್ಕೇ ವಾಯುಪಡೆ ಸೇರಿ, ವಿಮಾನ ರಿಪೇರಿ ಕಲಿತು, ಅಲ್ಲಿನ ವರ್ಷಗಳು ಮುಗಿದ ಮೇಲೆ ಕೊಲ್ಲಿ ದೇಶದ ಒಂದು ವಿಮಾನ ಕಂಪನಿಯಲ್ಲಿ ಟೆಕ್ನಿಷಿಯನ್ ಆಗಿದ್ದ. ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಆ ಕಂಪನಿಯ ಒಂದು ವಿಮಾನ ಪ್ರಯಾಣಿಕರ ಸಮೇತ ಸಮುದ್ರಕ್ಕೆ ಬಿತ್ತು. ಒಬ್ಬರೂ ಉಳಿಯಲಿಲ್ಲ. ಅದಕ್ಕೆ ಎರಡು ದಿನ ಮುಂಚೆ ಆ ವಿಮಾನದ ಹೊಟ್ಟೆಯೊಳಗಿನ ಒಂದು ಪೆಟ್ಟಿಗೆ ಬದಲಿಸಿ ಸಹಿ ಹಾಕಿದವನು ಮಾರ್ಕಂಡ. ತನಿಖೆಯವರು ಕರೆಯುವ ತನಕ ಊರಿಗೆ ಹೋಗಿರು ಎಂದು ಕಂಪನಿ ಕಳಿಸಿತ್ತು.

ಅವನು ಬಂದು ಎರಡು ತಿಂಗಳಾಗುತ್ತಾ ಬಂದಾಗ ನಮ್ಮತ್ತೆ ಮಿಲ್ಲಿಗೇ ಫೋನ್ ಮಾಡಿಸಿದಳು. ಆಕೆ ಆ ಮೊದಲು ಫೋನು ಮುಟ್ಟಿದವಳಲ್ಲ.

"ಅಲ್ಲುಡೂ, ಬರೋ ವಾರದ ರಜಕ್ಕೆ ಬಾರಪ್ಪಾ. ಮಾರ್ಕಂಡನ್ನ ಒಸಿ ನೋಡಬೇಕು ನೀನು."

ಅಲ್ಲುಡು ಅಂದರೆ ತೆಲುಗಿನಲ್ಲಿ ಅಳಿಯ. ಆಕೆಗೆ ಆತಂಕವಾದಾಗ ಮಾತ್ರ ಬಾಯಿಗೆ ತೆಲುಗು ಬರುತ್ತಿತ್ತು.

"ನಾನೇನು ನೋಡ್ಲಿ ಅತ್ತೆ, ಡಾಕ್ಟರ್ ಹತ್ರ ಕರ್ಕಂಡು ಹೋಗ್ರಿ."

"ನೇಯ್ದೋನೇ ತಪ್ಪು ಹುಡುಕಬಾರ್ದಪ್ಪ. ನಿನಗೂ ಗೊತ್ತೈತೆ."

ಗೊತ್ತಿತ್ತು. ನಮ್ಮ ಕೇರಿಯ ಮಗ್ಗದ ಮನೆಗಳಲ್ಲಿ ಒಂದು ರೂಢಿ. ಸೀರೆಯ ಅಂಚಿನಲ್ಲಿ ತಪ್ಪು ಬಿದ್ದು, ಅದು ಎಲ್ಲಿಂದ ಬಂತೆಂದು ತಿಳಿಯದಿದ್ದರೆ, ನೇಯ್ದವನು ಕೆಳಗಿಳಿದು ಬಿಡಬೇಕು. ಪಕ್ಕದ ಮನೆಯವರನ್ನು ಕರೆದು ಮಗ್ಗದ ಮೇಲೆ ಕೂರಿಸಬೇಕು. ಕರೆದರೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಅತ್ತೆ ನನ್ನನ್ನು ಕರೆದಿದ್ದು ಹಾಗೆ.

ಆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ರಾತ್ರಿ ಹದವಾದ ಮಳೆ ಬಿದ್ದಿತ್ತು. ಬಿ.ಜಿ. ಕೆರೆಯ ಆಚೀಚೆ ಶೇಂಗಾ ಹೊಲಗಳಲ್ಲಿ ಹಳದಿ ಹೂ, ಸಾಲಿನ ನಡುವೆ ಬಗ್ಗಿ ಕಳೆ ಕೀಳುವ ಹೆಂಗಸರು, ದಿಣ್ಣೆಯ ಮೇಲೆ ಕಂಬಳಿ ಹೊದ್ದು ನಿಂತ ಕುರಿಯವರು. ವಿಮಾನದ ವಿಷಯ ನನಗೇನು ಗೊತ್ತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಿಜ ಹೇಳಬೇಕೆಂದರೆ ಒಳಗೊಳಗೆ ಹೆಮ್ಮೆಯೂ ಇತ್ತು.

ಮಾರ್ಕಂಡ ಮಗ್ಗದ ಪಕ್ಕದ ಗೋಡೆಗೆ ಒರಗಿ ಕೂತಿದ್ದ.

"ಏನ್ಲೇ, ಮೀಸೆ ಗಡ್ಡ ಎರಡೂ ಒಂದಾಗ್ಯಾವೆ. ಸನ್ಯಾಸ ತಗಂಡ್ಯಾ?"

"ಬಾ ಭಾವ. ಅವ್ವ ಕರೆಸಿದ್ಲಾ?"

"ಹ್ಞೂ. ನಿನ್ನ ಮಗ್ಗದ ಮೇಲೆ ನನ್ನ ಕೂರ್ಸಾಕೆ."

"ನಂದು ಸೀರೆ ಅಲ್ಲ ಭಾವ."

ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಸೀರೆ ಆಗ್ಲಿ ಇಮಾನ ಆಗ್ಲಿ. ನೇಯ್ದೋನ ಕಣ್ಣಿಗೆ ತಪ್ಪು ಕಾಣೋದೇ ಇಲ್ಲ, ಇಲ್ಲಾ ಅದೊಂದೇ ಕಾಣ್ತತೆ. ಎರಡೂ ಒಂದೇ ರೋಗ."

ಅವನು ದಿಂಬಿನ ಕೆಳಗಿನಿಂದ ಒಂದು ನೋಟ್ ಬುಕ್ ತೆಗೆದ. ಒಂದು ಪುಟದಲ್ಲಿ ಹನ್ನೊಂದು ಸಾಲು, ಎಲ್ಲಾ ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲಿ ಅಂಕಿಗಳು. ಅವತ್ತು ಕಂಪನಿಯ ಆಫೀಸಿನ ಪ್ರಿಂಟರಿನಿಂದ ಬಂದ ಕಾಗದ ನೋಡಿ ಕೈಯಲ್ಲಿ ನಕಲು ಮಾಡಿಕೊಂಡದ್ದು.

"ವಿಮಾನ ಹಾರ್ತಿರುವಾಗ ಅದರೊಳಗಿನ ಕಂಪ್ಯೂಟರು ತಾನೇ ನೆಲಕ್ಕೆ ಚೀಟಿ ಕಳಿಸ್ತಾ ಇರ್ತತೆ ಭಾವ. ಪೈಲಟ್ ಕಳ್ಸೋದಲ್ಲ. ಇಂಥಾದ್ದರಲ್ಲಿ ತೊಂದರೆ ಐತೆ, ಇಳಿದ ತಕ್ಷಣ ರಿಪೇರಿಗೆ ರೆಡಿ ಇರ್ರಿ ಅಂತ, ನಮ್ಮಂಥೋರಿಗೆ. ಬೀಳೋಕೆ ಮುಂಚಿನ ನಾಲ್ಕು ನಿಮಿಷದಲ್ಲಿ ಬಂದಿದ್ದು ಈ ಹನ್ನೊಂದು. ಹನ್ನೊಂದನೇದು ಆದ ಮೇಲೆ ಏನೂ ಬರ್ಲಿಲ್ಲ."

ಮೊದಲ ಸಾಲಿನ ಮೇಲೆ ಬೆರಳಿಟ್ಟ.

"ಇದು ನಾನು ಹಾಕಿದ ಪೆಟ್ಟಿಗೆ."

ಬಾಲದ ಚುಕ್ಕಾಣಿ ಎಷ್ಟು ತಿರುಗಬೇಕು ಎಂದು ಮಿತಿ ಹಾಕುವ ಪೆಟ್ಟಿಗೆಯಂತೆ ಅದು. ಹಳೆಯದು ಕೆಟ್ಟಿತ್ತು, ಹೊಸದನ್ನು ಕೂರಿಸಿ, ಹಿಂದಿನ ದಪ್ಪ ಪ್ಲಗ್ಗನ್ನು ಒತ್ತಿ ತಿರುಗಿಸಬೇಕು, ಅದು ಟಕ್ ಎಂದು ಬೀಗ ಬೀಳಬೇಕು. ಆ ಟಕ್ ಸದ್ದು ಕೇಳಿದೆನೋ ಇಲ್ಲವೋ ನೆನಪಾಗುತ್ತಿಲ್ಲ ಎಂದ. ಎರಡು ತಿಂಗಳಿಂದ ಅವನು ಆ ಗೋಡೆಗೆ ಒರಗಿ ಕೇಳಿಸಿಕೊಳ್ಳಲು ಯತ್ನಿಸುತ್ತಿದ್ದದ್ದು ಅದನ್ನೇ. ಗಣೇಶನ ಹಬ್ಬ ಕಳೆದ ವಾರಕ್ಕೆ ತನಿಖೆಯವರ ಮುಂದೆ ಹೇಳಿಕೆ ಕೊಡಬೇಕಿತ್ತು. ಆ ಹೇಳಿಕೆಯನ್ನೂ ಬರೆದಿಟ್ಟಿದ್ದ. ನಾನು ಕೇಳಿದ್ದಕ್ಕೆ ಕನ್ನಡದಲ್ಲಿ ಹೇಳಿದ. ಪ್ಲಗ್ಗಿಗೆ ನಾನು ಬೀಗ ಬೀಳಿಸಿರಲಿಲ್ಲ, ವಿಮಾನ ಬಿದ್ದದ್ದಕ್ಕೆ ನಾನೇ ಕಾರಣ, ಇನ್ನು ಈ ಕೆಲಸ ಮುಟ್ಟುವುದಿಲ್ಲ.

"ಬೀಗ ಬೀಳಿಸಿರ್ಲಿಲ್ಲ ಅಂತ ಬರ್ದೀಯಲ್ಲ. ನೆನಪಿಲ್ಲ ಅಂತ ಈಗಷ್ಟೇ ಅಂದೆ."

"ಅಷ್ಟು ಜನ ಸತ್ತವ್ರೆ ಭಾವ. ಯಾರಾದ್ರೂ ಒಬ್ಬ ಹೊಣೆ ಹೊರಬೇಕಲ್ಲ."

ಅತ್ತೆಯ ರಾಟೆ ನಿಂತಿತ್ತು. ಹೇಳಿಕೆ ಏನಾದರೂ ಹಾಗೇ ಹೋದರೆ ಮಗ ಅಲ್ಲಿಂದ ತಿರುಗಿ ಬರುತ್ತಾನೋ, ಯಾವ ಜೈಲಿನಲ್ಲಿರುತ್ತಾನೋ ಎಂಬ ಭಯ ಆಕೆಗೆ. ನನಗೆ ಇನ್ನೊಂದು ಭಯ. ತಾನು ಮಾಡಿದ್ದೋ ಇಲ್ಲವೋ ಗೊತ್ತಿಲ್ಲದ ತಪ್ಪನ್ನು ಇವನು ಒಮ್ಮೆ ಸಹಿ ಮಾಡಿ ತನ್ನದಾಗಿಸಿಕೊಂಡರೆ, ಜೈಲಿಲ್ಲದಿದ್ದರೂ ಈ ಗೋಡೆ ಬಿಟ್ಟು ಏಳುವುದಿಲ್ಲ.

ಮುಂದಿನ ಭಾನುವಾರ ಹೋದಾಗ ಅತ್ತೆಯಿಂದ ಬಣ್ಣಬಣ್ಣದ ರೇಷ್ಮೆ ಸುತ್ತಿದ ಕಂಡಿಕೆಗಳನ್ನು, ಲಾಳಿಯೊಳಗೆ ಕೂರುವ ಸಣ್ಣ ಉರುಳೆಗಳನ್ನು, ಇಸಿದುಕೊಂಡೆ. ಆರನೇ ಕ್ಲಾಸಿನವನಿಗೆ ಕಾಗದದ ಮೇಲೆ ಓಡುವ ಬುದ್ಧಿ ಕಡಿಮೆ. ಕೈಗೆ ಏನಾದರೂ ಸಿಗಬೇಕು. ಚುಕ್ಕಾಣಿಯ ಪೆಟ್ಟಿಗೆಗೆ ಕೆಂಪು, ತಾನಾಗಿ ಹಾರಿಸುವ ಯಂತ್ರಕ್ಕೆ ಹಸಿರು, ಇಂಜಿನ್ನಿನ ಜೋರು ಹಿಡಿಯುವ ಯಂತ್ರಕ್ಕೆ ಹಳದಿ, ಹೀಗೆ ಒಂದೊಂದಕ್ಕೆ ಒಂದು ಬಣ್ಣ. ನೆಲದ ಮೇಲೆ ಸುಣ್ಣದಿಂದ ನಾಲ್ಕು ಗೆರೆ ಎಳೆದೆ, ನಿಮಿಷಕ್ಕೊಂದು. ಮಾರ್ಕಂಡ ಓದುತ್ತಾ ಹೋದ, ನಾನು ಇಡುತ್ತಾ ಹೋದೆ. ಮೊದಲ ಗೆರೆಯ ಮೇಲೆ ಕೆಂಪು ಒಂದೇ. ಎರಡನೆಯದರ ಮೇಲೆ ಐದು. ಮೂರರ ಮೇಲೆ ನಾಲ್ಕು, ಅದರಲ್ಲಿ ಮತ್ತೆ ಒಂದು ಕೆಂಪು. ನಾಲ್ಕರ ಮೇಲೆ ಒಂದು.

"ಈ ಐದರಲ್ಲಿ ಮೊದ್ಲು ಯಾವ್ದು?"

"ಹೇಳಾಕಾಗಲ್ಲ. ಚೀಟಿ ಮೇಲೆ ನಿಮಿಷ ಮಾತ್ರ ಇರ್ತತೆ, ಸೆಕೆಂಡ್ ಇಲ್ಲ. ಅಲ್ಲದೆ ಎಲ್ಲಾ ಫಾಲ್ಟ್ ಅಂದ್ರೆ ಕೆಟ್ಟೈತೆ ಅಂತಲೇ ಅಲ್ಲ ಭಾವ. ಕೆಲವು ಪೆಟ್ಟಿಗೆ, ನನಗೆ ಬರ್ತಿರೋ ಲೆಕ್ಕ ಸರಿ ಇಲ್ಲ, ನಾನಿದನ್ನ ನಂಬಲ್ಲ ಅಂತನೂ ಕೂಗ್ತಾವೆ. ಬರೋ ಚೀಟಿ ಒಂದೇ ಥರ."

ಈ ಮಾತು ಹೇಳುವಾಗ ಅವನ ದನಿ ಬದಲಾಯಿತು. ಕೆಲಸ ಗೊತ್ತಿದ್ದವನ ದನಿ. ಎರಡು ತಿಂಗಳಲ್ಲಿ ಮೊದಲ ಸಲ ಬೆನ್ನು ಗೋಡೆ ಬಿಟ್ಟಿತ್ತು.

ಅತ್ತೆ ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ಕಂಡಿಕೆಗಳನ್ನು ನೋಡಿದಳು. "ಅಂಚಿನಾಗೆ ಒಂದು ಎಳೆ ತಪ್ಪಿದ್ರೆ ಆ ಎಳೆ ನೋಡ್ಬೇಕು. ಒಟ್ಟಿಗೆ ಹತ್ತು ಎಳೆ ತಪ್ಪಿದ್ರೆ ಎಳೆ ಮುಟ್ಟಬಾರ್ದು, ತಲೆ ಎತ್ತಿ ಮೇಲೆ ಅವನ್ನೆಲ್ಲ ಎತ್ತೋ ಹಗ್ಗ ನೋಡ್ಬೇಕು. ಇವಕ್ಕೆಲ್ಲ ಹಗ್ಗ ಯಾವ್ದೋ ಮಾರ್ಕಂಡ?"

ಮಾರ್ಕಂಡ ಕಂಡಿಕೆಗಳನ್ನೇ ನೋಡುತ್ತಾ ಕೂತ. ಆಮೇಲೆ ಒಂದೊಂದಾಗಿ ಎತ್ತಿ ಹೇಳಿದ. "ಇದಕ್ಕೆ ವೇಗ ಬೇಕು. ಇದಕ್ಕೂ ವೇಗ ಬೇಕು. ಇದಕ್ಕೂ." ಕೊನೆಗೆ ಕೆಂಪನ್ನು ಹಿಡಿದುಕೊಂಡು, "ಚುಕ್ಕಾಣಿಗೂ ಬೇಕು," ಎಂದ. ವಿಮಾನ ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬ ಒಂದೇ ಲೆಕ್ಕವನ್ನು ಹೆಚ್ಚುಕಡಿಮೆ ಅವೆಲ್ಲವೂ ನಂಬಿಕೊಂಡಿದ್ದವು. ಆ ಲೆಕ್ಕ ಹಾಳಾದರೆ ಎಲ್ಲವೂ ಕೂಗುತ್ತವೆ.

ಅತ್ತೆ, "ಅಷ್ಟೇ ಮತ್ತೆ," ಎಂದು ಒಲೆಯ ಕಡೆ ಹೋದಳು. ಮುದ್ದೆಗೆ ಎಸರಿಟ್ಟ ಸದ್ದು ಕೇಳಿತು. ಆಕೆಯ ಮಟ್ಟಿಗೆ ಮುಗಿದಿತ್ತು.

ಆದರೆ ಮಾರ್ಕಂಡ ಕೆಂಪು ಕಂಡಿಕೆಯನ್ನು ಮತ್ತೆ ಮೊದಲ ಗೆರೆಯ ಮೇಲೇ ಇಟ್ಟ. "ಹಂಗಿದ್ರೆ ಇದು ಒಂದು ನಿಮಿಷ ಮುಂಚೆ ಯಾಕೆ ಕೂಗ್ತು ಭಾವ, ಇದೊಂದೇ? ನೀನೇ ಹೇಳ್ತಿದ್ದೆಯಲ್ಲ ನಿನ್ನ ಪ್ಯಾನಲ್ ವಿಚಾರ, ಮೊದಲು ಮಿನುಗಿದ್ದೇ ಕಳ್ಳ ಅಂತ."

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ನೆಲದ ಮೇಲೆ ಕೆಂಪು ಒಂದೇ ಇದ್ದದ್ದನ್ನು ನೋಡಿದಾಗಲೇ ಮಿಲ್ಲಿನ ಒಂದು ಹಳೆಯ ದಿನ ನೆನಪಾಗಿತ್ತು. ಆದರೆ ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದುಬಿಟ್ಟೆ.

ಆ ವಾರ ಮಿಲ್ಲಿನಲ್ಲಿ ನನಗೆ ಕೆಲಸ ಹತ್ತಲಿಲ್ಲ. ಪ್ಯಾನಲ್ಲಿನ ಮುಂದೆ ಹೋದಾಗಲೆಲ್ಲ ಎರಡನೇ ಸಾಲಿನ ಮೂರನೇ ಕಿಟಕಿಯೇ ಕಾಣುವುದು. ಮನೆಯಲ್ಲಿ ಹೆಂಡತಿ ನಾಗವೇಣಿ ಎರಡು ದಿನ ನೋಡಿದಳು. ಮೂರನೇ ದಿನ ತಟ್ಟೆಯ ಮುಂದೆ ಕೂರಿಸಿ, "ನನ್ನ ತಮ್ಮಗೆ ಏನಾರ ಆಗೈತಾ, ಮುಚ್ಚಿಡ್ತೀರಾ?" ಎಂದು ಕೇಳಿದಳು.

"ಅವನಿಗೇನಿಲ್ಲ. ನಂದೇ ಒಂದು ಐತೆ."

"ಹಂಗಾದ್ರೆ ಅವನ ಹತ್ರಾನೇ ಹೇಳ್ರಿ," ಎಂದಳು. ಏನು ಎಂದು ಕೇಳಲಿಲ್ಲ. ಹದಿನೆಂಟು ವರ್ಷ ನನ್ನ ಜೊತೆ ಬಾಳಿದವಳು, ಕೇಳಿದರೆ ನಾನು ಜಾರಿಕೊಳ್ಳುತ್ತೇನೆಂದು ಅವಳಿಗೆ ಗೊತ್ತಿತ್ತು.

ಮುಂದಿನ ರಜದ ದಿನ ಬೆಳಿಗ್ಗೆ ಮಾರ್ಕಂಡನನ್ನು ಬಲವಂತದಿಂದ ಎಬ್ಬಿಸಿ ಬೆಟ್ಟದ ಕಡೆ ಕರೆದುಕೊಂಡು ಹೋದೆ. ತುಂತುರು ಬಿದ್ದು ಬಂಡೆಗಳೆಲ್ಲ ಕಪ್ಪಾಗಿದ್ದವು. ಒಂದು ಹಾಸುಗಲ್ಲಿನ ಮೇಲೆ ಟವೆಲ್ ಹಾಸಿ ಕೂತು ಹೇಳಿದೆ.

ಏಳು ವರ್ಷದ ಹಿಂದೆ, ಸೀಸನ್ನಿನ ನಡುವೆ, ಮಿಲ್ಲು ಒಮ್ಮೆಗೇ ನಿಂತಿತು. ಶೇಂಗಾ ಬೀಜ ಬೇಯಿಸುವ ಕುಕ್ಕರಿನ ದೊಡ್ಡ ಮೋಟರು ಸುಟ್ಟು ಹೊಗೆ ಬಂತು. ಪ್ಯಾನಲ್ಲಿನಲ್ಲಿ ಮಿನುಗಿದ್ದು ಎರಡನೇ ಸಾಲಿನ ಮೂರನೇ ಕಿಟಕಿ, ಎಲಿವೇಟರಿನದು, ಅಂದರೆ ಬೀಜ ಮೇಲೆತ್ತುವ ಯಂತ್ರದ್ದು. ಅದಕ್ಕೆ ಬೀಜ ಸುರಿಯುವವನು ದಾದಾಪೀರ್. ಅತಿಯಾಗಿ ಸುರಿದು ಎಲಿವೇಟರ್ ಕಟ್ಟಿಕೊಂಡಿದೆ, ಅದರಿಂದಲೇ ಎಲ್ಲ ಹಾಳಾಗಿದೆ ಎಂದು ನಾನು ಮಾಲೀಕರಿಗೆ ಹೇಳಿದೆ. ದಾದಾಪೀರ್ ಎಲ್ಲರ ಮುಂದೆ ಹೇಳಿದ, "ಖಾಲಿ ಓಡ್ತಿತ್ತು ತಿಪ್ಪಣ್ಣ. ಅಲ್ಲಾ ಕೀ ಕಸಂ, ಬೀಜಾನೇ ಹಾಕಿರ್ಲಿಲ್ಲ." ನಾನು, "ನೀನು ಸುಳ್ಳು ಹೇಳಬೌದು, ಪ್ಯಾನಲ್ ಹೇಳಲ್ಲ," ಎಂದೆ. ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಕುಡಿದು ಮಲಗಿದ್ದನಂತೆ ಎಂದು ಯಾರೋ ಸೇರಿಸಿದರು. ಅದೇ ಊರಲ್ಲಿ ನಿಂತಿತು.

"ಎರಡು ತಿಂಗಳಾದ ಮೇಲೆ ಮತ್ತೆ ಅದೇ ಕಿಟಕಿ ಮಿನುಗ್ತು ಕಣೋ. ನಾನೇ ಓಡಿ ಹೋಗಿ ಎಲಿವೇಟರ್ ಬಾಗಿಲು ತೆಗೆದು ನೋಡಿದೆ. ಒಂದು ಬೀಜ ಇರ್ಲಿಲ್ಲ. ಆಮೇಲೆ ಹುಡುಕಿದ್ರೆ, ಕಂಬದಿಂದ ಮಿಲ್ಲಿಗೆ ಬರೋ ಕೇಬಲ್ಲಿನ ಒಂದು ಜಾಯಿಂಟು ಸಡಿಲ. ಕರೆಂಟು ಕುಗ್ಗಿದ್ರೆ ಎಲ್ಲಾ ಮೋಟರೂ ಏದುಸಿರು ಬಿಡ್ತಾವೆ. ಎಲಿವೇಟರಿಗೆ ಮಾತ್ರ, ಮಿಲ್ಲು ಮೊದ್ಲ ಸಲ ನಿಲ್ಲಾಕೆ ಒಂದು ವಾರ ಮುಂಚೆ, ಹೊಸ ರಿಲೇ ಹಾಕಿದ್ದೆ, ಕೆಡುಕು ಕಂಡ್ರೆ ಮೋಟರ್ ನಿಲ್ಸೋ ಕಾವಲುಗಾರ ಅದು. ಹೊಸದು ಚುರುಕು. ಮೊದ್ಲು ಅದು ಕೂಗ್ತು. ಕುಕ್ಕರಿಂದು ಹಳೇ ರಿಲೇ, ಮಂಕು, ಕೂಗೋಷ್ಟರಲ್ಲಿ ಮೋಟರೇ ಸುಟ್ಟಿತ್ತು."

ಮಾರ್ಕಂಡ ನನ್ನ ಮುಖವನ್ನೇ ನೋಡುತ್ತಿದ್ದ.

"ನೀನು ಹಾಕಿದ್ದೂ ಹೊಸ ಪೆಟ್ಟಿಗೆ ಅಲ್ವೇನೋ? ಹಳೇವಕ್ಕಿಂತ ಚುರುಕಾಗಿರಲ್ವಾ?"

"ಹೊಸ ಮಾದರಿ," ಎಂದ ಮೆಲ್ಲಗೆ. "ಲೆಕ್ಕದಲ್ಲಿ ಒಂಚೂರು ವ್ಯತ್ಯಾಸ ಬಂದ್ರೂ ಬಿಡಲ್ಲ ಅದು."

"ಇನ್ನೊಂದು ಮಾತು. ಮೂರನೇ ನಿಮಿಷದಾಗೆ ಕೆಂಪು ಮತ್ತೆ ಐತೆ. ಪ್ಲಗ್ ಕಳಚಿದ್ರೆ ಅದು ಎರಡನೇ ಸಲ ಹೆಂಗೆ ಕೂಗ್ತು? ನಾಲಿಗೆ ಕಿತ್ತೋನು ಮಾತಾಡ್ತಾನಾ?"

ಇಪ್ಪತ್ತು ವರ್ಷ ವಿಮಾನ ಬಿಚ್ಚಿದವನಿಗೆ ಇದು ತಿಳಿಯದ್ದೇನಲ್ಲ. ಆದರೆ ಅವನ ಕಣ್ಣು ಮೊದಲ ಸಾಲು ದಾಟಿ ಕೆಳಗೆ ಇಳಿದೇ ಇರಲಿಲ್ಲ. ಮೊಣಕಾಲಿಗೆ ತಲೆ ಕೊಟ್ಟು ಬಹಳ ಹೊತ್ತು ಅತ್ತ. ನಾನು ಬೆನ್ನ ಮೇಲೆ ಕೈಯಿಟ್ಟು ಕೂತೆ. ಕೆಳಗೆ ಊರಿನ ಮನೆಗಳಿಂದ ಮಗ್ಗದ ಸದ್ದು ಒಂದರ ಹಿಂದೆ ಒಂದು ಬರುತ್ತಿತ್ತು.

ಕಣ್ಣೊರೆಸಿಕೊಂಡವನು ನಾನು ಅಂದುಕೊಂಡದ್ದನ್ನು ಕೇಳಲಿಲ್ಲ.

"ಜಾಯಿಂಟ್ ಸಿಕ್ಕಿದ ಮೇಲೆ ಮಾಲೀಕರಿಗೆ ಹೇಳಿದ್ಯಾ?"

"ಇಲ್ಲ. ಬಿಗಿ ಮಾಡಿ ಟೇಪ್ ಸುತ್ತಿದೆ."

"ದಾದಾಪೀರಿಗೆ?"

"ಇಲ್ಲ."

"ಏಳು ವರ್ಷ."

"ಹ್ಞೂ. ಪ್ಯಾನಲ್ ಓದೋಕೆ ಬರೋದು ನನಗೊಬ್ಬನಿಗೇ ಅಂತ ಮೆರೀತಿದ್ದೆ. ತಪ್ಪು ಓದಿದೆ ಅಂತ ಹೆಂಗೆ ಹೇಳ್ಲಿ?"

"ನನ್ನ ಕಾಗದದಾಗೆ ನಿಜ ಇರೋದನ್ನೇ ಬರಿ ಅಂತ ನನಗೆ ಹೇಳಾಕೆ ಬಸ್ ಹತ್ತಿ ಬರ್ತೀಯಾ," ಎಂದ. ಸಿಟ್ಟಿರಲಿಲ್ಲ. "ಮೊದ್ಲು ಅವನಿಗೆ ಹೇಳು ಭಾವ. ನಾನೂ ಬರ್ತೀನಿ. ಹೇಳಿದ ದಿನ ನಾನು ಬರ್ದ ಹೇಳಿಕೆ ಹರೀತೀನಿ. ಹೇಳ್ಲಿಲ್ಲ ಅಂದ್ರೆ ಅದೇ ಕಾಗದ ಹೋಗ್ತತೆ."

ಅವನಿಗೆ ಊರು ಬಿಡಲು ಒಂಬತ್ತು ದಿನ ಉಳಿದಿತ್ತು. ಅತ್ತೆಗೆ ಹೇಳಿ ಅವತ್ತೇ ಮಧ್ಯಾಹ್ನದ ಬಸ್ಸಿಗೆ ಅವನನ್ನು ಚಳ್ಳಕೆರೆಗೆ ಕರೆತಂದೆ. ದಾದಾಪೀರ್ ಆಗ ಬಸ್ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಿದ್ದ. ಆ ಏಳು ವರ್ಷದಲ್ಲಿ ನಾನು ಅವನ ಆಟೋ ಹತ್ತಿರಲಿಲ್ಲ. ಎಷ್ಟು ಲಗೇಜಿದ್ದರೂ ಆ ಸಾಲು ತಪ್ಪಿಸಿ ನಡೆದೇ ಹೋಗುತ್ತಿದ್ದೆ.

"ಕ್ಯಾ ತಿಪ್ಪಣ್ಣ, ಇವತ್ತು ಕಾಲು ನೋಯ್ತವಾ?" ಎಂದ. ಅಂದರೆ ನಾನು ತಪ್ಪಿಸಿಕೊಂಡು ಹೋಗುವುದನ್ನು ಅವನು ದಿನಾ ನೋಡುತ್ತಿದ್ದ.

"ಒಂದು ಮಾತು ಐತೆ ದಾದಾಪೀರ್."

"ಹತ್ತಿ ಕೂತು ಹೇಳಿ. ನಿಂತ್ಕಂಡು ಹೇಳಿದ ಮಾತು ಒಂದ್ಸಲ ಕೇಳಿವ್ನಿ."

ನಾನೂ ಮಾರ್ಕಂಡನೂ ಹಿಂದೆ ಕೂತೆವು. ಅವನು ಮುಂದೆ ನೋಡುತ್ತಲೇ ಕೇಳಿಸಿಕೊಂಡ. ಸಡಿಲ ಜಾಯಿಂಟು, ಹೊಸ ರಿಲೇ, ಖಾಲಿ ಎಲಿವೇಟರು, ಎಲ್ಲ ಹೇಳಿದೆ. ಮಾರ್ಕಂಡ ನನ್ನ ನೆರವಿಗೆ ಒಂದು ಮಾತೂ ಆಡಲಿಲ್ಲ. ಹೇಳಿ ಮುಗಿದ ಮೇಲೆ ದಾದಾಪೀರ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಖಾಲಿ ಇತ್ತು ಅಂತ ನಂಗೆ ಅವತ್ತೇ ಗೊತ್ತಿತ್ತು. ನಿಮ್ಗೆ ಯಾವಾಗ ಗೊತ್ತಾಯ್ತು, ಅದು ಹೇಳಿ."

"ಎರಡು ತಿಂಗಳ ಮೇಲೆ."

"ಎರಡು ತಿಂಗಳು," ಎಂದ. ಬೆರಳು ಹ್ಯಾಂಡಲ್ ಮೇಲೆ ಆಡುತ್ತಿತ್ತು. "ಆವಾಗ ನಾನು ಇನ್ನೂ ದಿನಾ ಮಿಲ್ ಗೇಟ್ ಹತ್ರ ಬಂದು ನಿಲ್ತಿದ್ದೆ. ನೀವು ಒಳಗೆ ಹೋಗ್ತಿದ್ರಿ."

ಅವನು ಆಟೋ ಚಾಲೂ ಮಾಡಿದ. ಎಲ್ಲಿಗೆ ಎಂದು ಕೇಳಲು ಧೈರ್ಯವಾಗಲಿಲ್ಲ. ಹೋಗಿ ನಿಂತದ್ದು ಅವನ ಮನೆಯ ಮುಂದೆ.

"ನಮ್ಮ ಮನೆ ಅವ್ಳ ಮುಂದೆ ಹೇಳಿ. ಅವ್ಳು ಇವತ್ತಿಗೂ ನಾನು ಕುಡ್ದು ಮಲ್ಗಿದ್ದೆ ಅಂತಾನೇ ತಿಳ್ಕಂಡವ್ಳೆ. ಬೇರೆ ಯಾರೂ ಬೇಡ."

ಅವನ ಹೆಂಡತಿ ಮುಮ್ತಾಜ್ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಚಪ್ಪಲಿ ಬಿಟ್ಟು, ನಿಂತುಕೊಂಡೇ, ಎಲ್ಲವನ್ನೂ ಮತ್ತೊಂದು ಸಲ ಹೇಳಿದೆ. ಈ ಸಲ ರಿಲೇ, ಜಾಯಿಂಟು ಏನೂ ಹೇಳಲಿಲ್ಲ. ನಿಮ್ಮ ಗಂಡನ ತಪ್ಪು ಇರಲಿಲ್ಲ ತಾಯಿ, ತಪ್ಪು ಹೇಳಿದವನು ನಾನು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡವನು ನಾನು ಎಂದೆ. ಆಕೆ ನನ್ನ ಕಡೆ ನೋಡಲೇ ಇಲ್ಲ. ಮೊರ ಕೆಳಗಿಟ್ಟು ಗಂಡನನ್ನು ನೋಡಿದಳು.

"ಕುಡುಕ ಅಂತ ನಾನೂ ಅಂದಿದ್ದೆ ನಿಮಗೆ," ಎಂದಳು. "ಎಷ್ಟು ಸಲ ಅಂದಿದ್ದೆ."

"ಹೋಗ್ಲಿ ಬಿಡು," ಎಂದ ದಾದಾಪೀರ್. ಆಕೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಕೈಗೆ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಪಕ್ಕದಲ್ಲೇ ನಿಂತಳು. ನಾವಿಬ್ಬರೂ ಅಲ್ಲಿ ಇದ್ದೇವೆ ಎಂಬುದು ಅವರಿಗೆ ಮರೆತುಹೋದಂತಿತ್ತು. ಮೆಲ್ಲಗೆ ಚಪ್ಪಲಿ ಮೆಟ್ಟಿ ಹೊರಬಂದೆವು.

ಮಾರನೇ ದಿನ ನಾನಾಗಿಯೇ ಮಾಲೀಕರಿಗೂ, ಗೇಟಿನ ಬಳಿ ಕೂತ ಹಮಾಲರಿಗೂ ಹೇಳಿದೆ. ಮಾಲೀಕರು, "ಯಾವ ಕಾಲದ ಮಾತಯ್ಯಾ," ಎಂದರು. ಹಮಾಲರಲ್ಲಿ ಹಿರಿಯನೊಬ್ಬ ಬೀಡಿ ಆರಿಸಿ, "ಹಂಗಾದ್ರೆ ನಿನ್ನ ಡಬ್ಬ ಇಷ್ಟು ದಿನ ಹೇಳಿದ್ದು ಏನೇನು ಸುಳ್ಳೈತೋ, ಒಂದ್ಸಲ ಎಲ್ಲಾ ಓದ್ಬಿಡು ಮಾರಾಯ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರ್ಕಂಡ ಹಳೆಯ ಹೇಳಿಕೆಯನ್ನು ನಮ್ಮ ಮನೆಯಲ್ಲೇ, ನಾಗವೇಣಿಯ ಮುಂದೆ ಹರಿದ. ಹೊಸದನ್ನು ಬರೆಯಲು ಎರಡು ದಿನ ತೆಗೆದುಕೊಂಡ. ಬರೆದದ್ದನ್ನು ನಮಗೆ ಕನ್ನಡದಲ್ಲಿ ಹೇಳಿದ. ಪೆಟ್ಟಿಗೆ ಬದಲಿಸಿದವನು ನಾನು. ಪ್ಲಗ್ಗಿನ ಬೀಗದ ಸದ್ದು ಕೇಳಿದ ನೆನಪು ನನಗಿಲ್ಲ. ಕೂರಿಸಿದ ಮೇಲೆ ಪರೀಕ್ಷೆ ಮಾಡಿದೆ, ಪೆಟ್ಟಿಗೆ ಸರಿಯಿದೆ ಎಂದು ಉತ್ತರ ಬಂತು. ಸಹಿ ನನ್ನದು. ಅದರ ಕೆಳಗೆ ಹನ್ನೊಂದು ಮೆಸೇಜುಗಳ ಬಗ್ಗೆ ತನಗೆ ತಿಳಿದದ್ದು, ತಿಳಿಯದ್ದು.

"ನೆನಪಿಲ್ಲ ಅನ್ನೋದನ್ನೂ ಯಾಕೆ ಬರ್ದೆ? ಅವರೇನೂ ಕೇಳಲ್ವಲ್ಲ," ಎಂದಳು ನಾಗವೇಣಿ.

"ಇಲ್ದಿದ್ರೆ ಇನ್ನೊಂದು ಏಳು ವರ್ಷ ಆಗ್ತತೆ ಅಕ್ಕ," ಎಂದು ನನ್ನ ಕಡೆ ನೋಡಿ ನಕ್ಕ. ಆ ಮಳೆಗಾಲದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಗಡ್ಡ ತೆಗೆಸಿ, ಅತ್ತೆಯ ಕಾಲಿಗೆ ಬಿದ್ದು, ಹೊರಟ. ಹೇಳಿಕೆ ಕೊಟ್ಟ ಮೇಲೆ ಅವನನ್ನು ಹಿಡಿದಿಡಲಿಲ್ಲ. ಆದರೆ ವಿಮಾನ ಮುಟ್ಟಲೂ ಬಿಡಲಿಲ್ಲ, ಗೋದಾಮಿನಲ್ಲಿ ಬಿಡಿಭಾಗ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಸಮುದ್ರದ ತಳದಿಂದ ವಿಮಾನದ ಚೂರುಗಳನ್ನು ಎತ್ತಿ, ಪೂರ್ತಿ ವರದಿ ಬರುವ ಹೊತ್ತಿಗೆ ಇನ್ನೂ ಎರಡು ಮಳೆಗಾಲ ಕಳೆದವು. ಅಷ್ಟು ದಿನವೂ ನಮಗೆ ಏನೂ ಖಾತ್ರಿಯಿರಲಿಲ್ಲ. ನೆಲದ ಮೇಲೆ ಕಂಡಿಕೆ ಜೋಡಿಸಿ ನಾವು ಕಂಡುಕೊಂಡದ್ದು ಸುಳ್ಳಾಗಲೂಬಹುದಿತ್ತು.

ಒಂದು ಮಧ್ಯಾಹ್ನ ಅವನ ಫೋನ್ ಬಂತು. ನಾನು ಮಿಲ್ಲಿನ ಹಿತ್ತಲಲ್ಲಿ ಮೋಟರು ಬಿಚ್ಚಿಕೊಂಡು ಕೂತಿದ್ದೆ.

"ವರದಿ ಬಂತು ಭಾವ. ಗಾಳಿ ಹಿಡಿದು ವಿಮಾನದ ವೇಗ ಅಳೆಯೋ ನಳಿಕೆ ಕಟ್ಟಿಕೊಂಡಿತ್ತಂತೆ. ಅಲ್ಲಿಂದ ಶುರುವಾಗೈತೆ. ನನ್ನ ಪೆಟ್ಟಿಗೆ ಬಗ್ಗೆ ಒಂದೇ ಒಂದು ಸಾಲು. ಪ್ಲಗ್ಗಿಗೆ ಬೀಗ ಬಿದ್ದಿತ್ತು, ಕೊನೇ ತನಕ ಸರಿಯಾಗಿ ಕೆಲಸ ಮಾಡಿತ್ತು."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಅವ್ವನಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದೆ ಎಂದ. ಲೈನು ಕಡಿದುಹೋಯಿತೆಂದು ನಾನು ಹಲೋ ಎಂದೆ.

"ಇದೀನಿ ಭಾವ. ನಿನಗೆ ಕೆಲಸ ಐತಾ?"

"ಇಲ್ಲ, ಹೇಳು."

"ವರದಿಯಾಗೆ ಸತ್ತೋರ ಹೆಸರಿಲ್ಲ. ಅವತ್ತಿನ ಪೇಪರಿನಾಗೆ ಬಂದಿತ್ತು, ಕತ್ತರಿಸಿ ಇಟ್ಕಂಡಿದ್ದೆ. ಇಷ್ಟು ದಿನ ಓದಿರ್ಲಿಲ್ಲ. ಓದೋ ಮುಖ ಇರ್ಲಿಲ್ಲ ನನಗೆ. ಈಗ ಓದ್ತೀನಿ. ಒಬ್ಬನೇ ಓದಾಕಾಗ್ತಿಲ್ಲ."

ಓದು ಎಂದೆ. ಅವನು ಓದತೊಡಗಿದ. ಯಾವ ಯಾವುದೋ ದೇಶದ ಹೆಸರುಗಳು, ನನ್ನ ನಾಲಿಗೆಗೆ ತಿರುಗದವು. ನಡುನಡುವೆ ನಮ್ಮ ಕಡೆಯವು. ಒಂದು ಕಡೆ ಗಂಡ, ಹೆಂಡತಿ, ಮಗು, ಮೂವರಿಗೂ ಒಂದೇ ಮನೆತನದ ಹೆಸರು. ಅಲ್ಲಿ ನಿಂತು, ಮತ್ತೆ ಮುಂದುವರಿಸಿದ. ಒಳಗಿನಿಂದ ಯಾರೋ, "ಮೇಸ್ತ್ರೀ, ಏನೋ ಮಿನುಗ್ತೈತೆ ಬಾರ್ರಿ," ಎಂದು ಕೂಗಿದರು. ಮಿಲ್ಲು ನಿಂತಿರಲಿ ಎಂದು ಕೈ ಸನ್ನೆ ಮಾಡಿದೆ. ಗೋಡೆಯ ನೆರಳಿಗೆ ಸರಿದು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಅವನು ಕೊನೆಯ ಹೆಸರು ಓದಿ ಮುಗಿಸುವ ತನಕ ನಿಂತೆ.